ಸುಣ್ಣದ ಗೂಡಿನ ಬಯಲಿಗೆ ಮೇಡಂ ಬಂದದ್ದು

ಆದಿನಾರಾಯಣರು ಕೆಟ್ಟದ್ದು ಒಂದು ಟೋಪಿಯಿಂದ. ಇಸ್ಪೀಟಿನಿಂದ ಕೆಟ್ಟವರನ್ನು ನಮ್ಮ ಜೋಗುಪಾಳ್ಯ ಕಂಡಿದೆ, ಕುಡಿದು ಕೆಟ್ಟವರನ್ನು ಕಂಡಿದೆ, ಮಗಳ ಮದುವೆಗೆ ಬ್ಯಾಂಡ್ ಸೆಟ್ಟಿನ ಜೊತೆ ಕುದುರೆ ಸಾರೋಟನ್ನೂ ತರಿಸಲು ಹೋಗಿ ಕೆಟ್ಟವರನ್ನೂ ಕಂಡಿದೆ. ಬಿಸಿಲಿಗೆಂದು ಕೊಂಡ ಟೋಪಿಯಿಂದ ಕೆಟ್ಟವರು ಮಾತ್ರ ಇವರೊಬ್ಬರೇ. ಅವರು ಯಾರಿಗೂ ಟೋಪಿ ಹಾಕಿದವರಲ್ಲ, ತಮ್ಮ ತಲೆಗೇ ಹಾಕಿಕೊಂಡವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಜನ ಬೇರೆ ಥರ ಮಾತಾಡಿದ್ದಾರೆ.

ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ದುಡಿದು ನಿವೃತ್ತರಾದ ಆದಿನಾರಾಯಣರಿಗೆ ಒಂದು ವಿಶೇಷ ಗುಣವಿತ್ತು. ಯಾರಿಗೂ 'ಇಲ್ಲ' ಎನ್ನುವುದು ಅವರಿಗೆ ಬರುತ್ತಿರಲಿಲ್ಲ. ಸ್ಟಾಕಿನಲ್ಲಿ ಇಲ್ಲದ ಬೇರಿಂಗ್ ಕೇಳಿದವನಿಗೂ "ನೋಡೋಣ" ಎನ್ನುತ್ತಿದ್ದರು. ಅವನು ಮಾರನೆಯ ದಿನ ಬಂದರೆ ಮಾರನೆಯ ದಿನವೂ "ನೋಡೋಣ". ಕೊನೆಗೆ ಅವನೇ ಬೇಸತ್ತು ಎಸ್.ಪಿ. ರೋಡಿಗೆ ಹೋಗಿ ತಂದುಕೊಳ್ಳುತ್ತಿದ್ದ. ಹೆಂಡತಿ ಯಮುನಾ ಇದರಿಂದ ರೋಸಿಹೋಗಿ, "ಇವರ ಬಾಯಲ್ಲಿ 'ಇಲ್ಲ' ಅನ್ನೋ ಮಾತು ಬಂದ ದಿನ ಹಲಸೂರು ಸೋಮೇಶ್ವರನಿಗೆ ತುಪ್ಪದ ದೀಪ ಹಚ್ತೀನಿ" ಎಂದು ನೆಂಟರ ಎದುರಿಗೇ ಹರಕೆ ಹೊತ್ತಿದ್ದರು.

ನಿವೃತ್ತರಾದ ಮೇಲೆ ಆದಿನಾರಾಯಣರು ಬೆಳಗಿನ ಹೊತ್ತು ಅಡುಗೆಮನೆ ಬಾಗಿಲಲ್ಲಿ ನಿಂತು ಒಗ್ಗರಣೆಗೆ ಸಾಸಿವೆ ಯಾವಾಗ ಹಾಕಬೇಕೆಂದು ಸಲಹೆ ಕೊಡತೊಡಗಿದರು. ಯಮುನಾ ಅವರನ್ನು ಹಲಸೂರು ಕೆರೆಯ ಸುತ್ತ ವಾಕಿಂಗಿಗೆ ಅಟ್ಟಿದರು. ಅಲ್ಲಿ ಅವರಿಗೆ ಪರಿಚಯವಾದವರು ಉಮ್ಮೆ ಕುಲ್ಸುಂ. ಶಿವಾಜಿನಗರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಫ್ರೇಜರ್ ಟೌನಿನಲ್ಲಿ ಮನೆ. ಕೆರೆ ಸುತ್ತುವ ಅರ್ಧ ಜನ ಅವರ ಹಳೆಯ ವಿದ್ಯಾರ್ಥಿಗಳೋ, ವಿದ್ಯಾರ್ಥಿಗಳ ಅಪ್ಪಂದಿರೋ ಆಗಿದ್ದರಿಂದ ಎಲ್ಲರ ಬಾಯಲ್ಲೂ ಅವರು 'ಮಿಸ್'. ಭಾನುವಾರ ಆಸಕ್ತರನ್ನು ಕರೆದುಕೊಂಡು ದೊಡ್ಡನೆಕ್ಕುಂದಿಯ ಕಡೆ ಕಾಡುಹೂವು, ಚಿಟ್ಟೆ ತೋರಿಸಲು ಹೋಗುತ್ತಿದ್ದರು.

"ನೀವೂ ಬರ್ತೀರಾ?" ಎಂದು ಮಿಸ್ ಕೇಳಿದರು.

ಆದಿನಾರಾಯಣರಿಗೆ ಚಿಟ್ಟೆಗೂ ಪತಂಗಕ್ಕೂ ವ್ಯತ್ಯಾಸ ತಿಳಿಯದು. ಆದರೆ 'ಇಲ್ಲ' ಎನ್ನುವುದು ಹೇಗೆ?

ಹೊರಡುವ ಮುಂಚಿನ ದಿನ ಶಿವಾಜಿನಗರದಲ್ಲಿ ಸನಾವುಲ್ಲಾ ಎಂಬುವನ ಅಂಗಡಿಗೆ ಟೋಪಿ ಕೊಳ್ಳಲು ಹೋದರು. ಅವರು ಕೇಳಿದ್ದು ಸಾದಾ ಬಟ್ಟೆ ಟೋಪಿ. ಸನಾವುಲ್ಲಾ ಅವರ ಮುಖವನ್ನು ಎಡಗಡೆಯಿಂದಲೂ ಬಲಗಡೆಯಿಂದಲೂ ನೋಡಿ, ಮೇಲಿನ ಅಟ್ಟದಿಂದ ಖಾಕಿ ಬಣ್ಣದ, ಅಗಲ ಅಂಚಿನ, ಗಲ್ಲದ ಕೆಳಗೆ ದಾರ ಬಿಗಿಯುವ ಟೋಪಿಯೊಂದನ್ನು ಇಳಿಸಿದ.

"ಹಾಕ್ಕೊಳ್ಳಿ ಸಾಬ್. ಇದು ಆಫೀಸರ್ ಲೋಗ್ ಹಾಕೋದು. ಇದು ತಲೆ ಮೇಲಿದ್ರೆ ಬಂಡೀಪುರದಾಗೆ ಆನೆ ಭೀ ಸೆಲ್ಯೂಟ್ ಹೊಡೀತದೆ."

"ನಾನು ಹೋಗ್ತಿರೋದು ದೊಡ್ಡನೆಕ್ಕುಂದಿಗೆ ಕಣಪ್ಪ."

"ಅಲ್ಲಿ ಜನ ಹೊಡೀತಾರೆ, ತಗೊಳ್ಳಿ."

ಹೀಗೆ ಭವಿಷ್ಯ ನುಡಿದ ಸನಾವುಲ್ಲಾ, ಟೋಪಿಯ ಜೊತೆಗೆ ಒಂದು ದುರ್ಬೀನನ್ನೂ ಅವರ ಕೊರಳಿಗೆ ಕಟ್ಟಿ ಕಳಿಸಿದ. ಮನೆಯಲ್ಲಿ ಯಮುನಾ ಬಾಗಿಲು ತೆರೆದವರೇ, "ಮೀಟರ್ ರೀಡಿಂಗ್ ಹೋದ ವಾರ ಆಯ್ತಲ್ಲಪ್ಪಾ" ಎಂದು ಬಾಗಿಲು ಹಾಕಿಕೊಂಡರು.

ದೊಡ್ಡನೆಕ್ಕುಂದಿಯ ಆ ಬಯಲಿನ ಬಗ್ಗೆ ಒಂದು ಮಾತು ಹೇಳಬೇಕು. ಕಾರ್ಖಾನೆಗಳ ಕಾಂಪೌಂಡುಗಳ ಹಿಂದೆ, ಗಾಜಿನ ಕಟ್ಟಡಗಳ ನೆರಳು ಇನ್ನೂ ಮುಟ್ಟದ ಜಾಗ. ಸಿಮೆಂಟು ಬರುವ ಮೊದಲು ಅಲ್ಲಿ ಸುಣ್ಣದ ಗೂಡುಗಳಿದ್ದವು. ಲಾರಿಗಟ್ಟಲೆ ಸುಣ್ಣದ ಕಲ್ಲು ತಂದು ಸುಡುತ್ತಿದ್ದರು. ಗೂಡು ಆರಿತು, ಜಾಗದ ಒಡೆಯರಾದ ಅಣ್ಣತಮ್ಮಂದಿರು ಕೋರ್ಟಿಗೆ ಹೋದರು, ಚೂರುಪಾರು ಕಲ್ಲು ಮಣ್ಣಿನಲ್ಲಿ ಬೆರೆತು ನೆಲ ಬೆಳ್ಳಗಾಯಿತು. ಆ ಬಿಳಿ ನೆಲದ ಮೇಲೆ ಮಳೆ ಬಿದ್ದರೆ ಸಾಕು, ಮೊಣಕಾಲೆತ್ತರ ಹುಲ್ಲು, ಹುಲ್ಲಿನ ನಡುವೆ ತುಂಬೆ, ವಿಷ್ಣುಕ್ರಾಂತಿ, ಮುಟ್ಟಿದರೆ ಮುನಿ, ಅಂಚಿನಲ್ಲಿ ಎಕ್ಕದ ಸಾಲು. ಇವುಗಳಿಗೆ ಎಲ್ಲಿಂದಲೋ ಸುದ್ದಿ ಮುಟ್ಟಿ ಬರುವ ಚಿಟ್ಟೆಗಳು. ಅಣ್ಣತಮ್ಮಂದಿರ ಜಗಳದಿಂದ ಲೋಕಕ್ಕೆ ಒಳ್ಳೆಯದಾದ ಉದಾಹರಣೆ ನನಗೆ ಗೊತ್ತಿರುವಂತೆ ಇದೊಂದೇ.

ಮೊದಲ ಭಾನುವಾರ ಎಲ್ಲರೂ ಮುಂದೆ ಹೋದರು. ಹಿಂದೆ ಉಳಿದವರು ಇಬ್ಬರು, ಮೊಣಕಾಲು ನೋವಿನ ಆದಿನಾರಾಯಣರು ಮತ್ತು ಮಿಸ್. ಮಿಸ್ ಒಂದು ಕಡೆ ನಿಂತು ನೆಲದತ್ತ ಬಗ್ಗಿ, "ಆದಿನಾರಾಯಣ್ ಅವರೇ, ಇಲ್ಲಿ ನೋಡಿ ಸ್ವಲ್ಪ. ನೀಲಿ ಚಿಟ್ಟೆ, ಉಗುರಿನಷ್ಟು ಇರ್ತದೆ. ಇದೆಯಾ?" ಎಂದರು.

ಆದಿನಾರಾಯಣರು ದುರ್ಬೀನು ಹಿಡಿದರು. ಏನೂ ಕಾಣಲಿಲ್ಲ. ದುರ್ಬೀನು ತೆಗೆದರು. ಕಾಣಿಸಿತು. ಹುಲ್ಲಿನ ಬುಡದಲ್ಲಿ, ಹೆಬ್ಬೆರಳ ಉಗುರಿಗಿಂತ ಚಿಕ್ಕದೊಂದು ಚಿಟ್ಟೆ, ರೆಕ್ಕೆ ಮುಚ್ಚಿದರೆ ಬೂದಿ, ತೆರೆದರೆ ಆಕಾಶ.

"ಇದೆ ಮಿಸ್! ಇದೆ! ಅಯ್ಯೋ, ಎರಡಿದೆ!"

"ನಂಗೆ ಕಾಣಲ್ಲ," ಎಂದರು ಮಿಸ್. "ಎರಡೂ ಕಣ್ಣಿಗೂ ಪೊರೆ. ದೊಡ್ಡ ಚಿಟ್ಟೆ ಅಂದಾಜಾಗ್ತದೆ, ಇದು ಮಾತ್ರ ಹೋಗ್ಬಿಡ್ತು. ಯಾರನ್ನಾದ್ರೂ ಕೇಳ್ತೀನಿ, ಇದೆಯಾ ಅಂತ. ಎಲ್ಲರೂ ಫೋನಲ್ಲಿ ಫೋಟೋ ಹೊಡ್ಕೊಂಡು ದೊಡ್ಡದು ಮಾಡಿ ತೋರಿಸ್ತಾರೆ. ಫೋಟೋ ನೋಡಕ್ಕೆ ಇಲ್ಲಿಗೆ ಯಾಕೆ ಬರ್ಲಿ?"

ಆಪರೇಷನ್ನಿಗೆ ದಿನ ಗೊತ್ತಾಗಿದೆ, ಒಂದಾದ ಮೇಲೆ ಒಂದು ಕಣ್ಣು, ಅಷ್ಟು ದಿನ ಹೊರಗೆ ಓಡಾಡುವ ಹಾಗಿಲ್ಲ ಎಂದೂ ಹೇಳಿದರು. "ಕಪ್ಪು ಕನ್ನಡಕ ತೆಗೆದ ದಿನ ಮೊದಲು ಇಲ್ಲಿಗೇ ಬರ್ತೀನಿ. ಮೊದಲು ಇದನ್ನೇ ನೋಡ್ತೀನಿ. ಅಲ್ಲಿವರೆಗೂ ಬಯಲು ನಿಮ್ದು. ಆವಾಗಾವಾಗ ಬಂದು ನೋಡ್ಕೊಂಡು, ಇದೆ ಅಂತ ಫೋನ್ ಮಾಡಿ. ಅಷ್ಟು ಮಾಡ್ತೀರಾ?"

ಈ ಸಲ ಆದಿನಾರಾಯಣರು 'ನೋಡೋಣ' ಎನ್ನಲಿಲ್ಲ. "ಮಾಡ್ತೀನಿ ಮಿಸ್" ಎಂದರು. ಅವರ ಕಣ್ಣನ್ನು ಇನ್ನೊಬ್ಬರು ನೆಚ್ಚಿಕೊಂಡದ್ದು ಅದೇ ಮೊದಲು. ಮನೆಯಲ್ಲಿ ಅಕ್ಕಿ ಆರಿಸಲೂ ಯಮುನಾ ಅವರಿಗೆ ಕೊಡುತ್ತಿರಲಿಲ್ಲ.

ಅಂದಿನಿಂದ ಅವರು ದಿನ ಬಿಟ್ಟು ದಿನ ಹಲಸೂರಿನಲ್ಲಿ ಮೆಟ್ರೊ ಹತ್ತಿ, ಸಿಂಗಯ್ಯನಪಾಳ್ಯದಲ್ಲಿ ಇಳಿದು, ಆಟೊ ಹಿಡಿದು ಬಯಲಿಗೆ ಹೋಗತೊಡಗಿದರು. ಖಾಕಿ ಟೋಪಿ, ಕೊರಳಲ್ಲಿ ದುರ್ಬೀನು, ಇನ್ ಮಾಡಿದ ಶರಟು. ಹೋಗಿ ಹುಲ್ಲಿನಲ್ಲಿ ಮೊಣಕಾಲೂರಿ ನೆಲ ನೋಡುವರು. ನಾಲ್ಕು ಹೆಜ್ಜೆ ಸರಿದು ಮತ್ತೆ ನೆಲ ನೋಡುವರು. ಎದ್ದು ನಿಂತು ಫೋನಿನಲ್ಲಿ ಗಟ್ಟಿಯಾಗಿ, "ಇದೆ ಮೇಡಂ, ಇದೆ. ಪೂರ್ವದ ಅಂಚಲ್ಲಿ ಜಾಸ್ತಿ ಇದೆ" ಎನ್ನುವರು. ಎದುರಿಗಿದ್ದಾಗ 'ಮಿಸ್' ಎನ್ನುತ್ತಿದ್ದವರು ಫೋನಿನಲ್ಲಿ 'ಮೇಡಂ' ಎನ್ನುತ್ತಿದ್ದುದು ಟೋಪಿಯ ಪ್ರಭಾವವೆಂದೇ ನನ್ನ ನಂಬಿಕೆ.

ನಮ್ಮ ಊರಿನಲ್ಲಿ ಖಾಲಿ ಜಾಗಕ್ಕೆ ಹೋಗಿ ನೆಲ ನೋಡುವವರು ಎರಡೇ ಬಗೆ. ಒಬ್ಬರು ಕೊಳ್ಳುವವರು, ಇನ್ನೊಬ್ಬರು ಕಿತ್ತುಕೊಳ್ಳುವ ಇಲಾಖೆಯವರು. ನೆಲವನ್ನು ಅದರ ಮೇಲಿನ ಹೂವಿಗಾಗಿ ನೋಡುವ ಮೂರನೆಯ ಬಗೆ ಇದೆಯೆಂದು ಬಯಲ ಪಕ್ಕದಲ್ಲಿ ಹಸು ಕಟ್ಟಿಕೊಂಡಿದ್ದ ಗೋವಿಂದಮ್ಮನಿಗೆ ತಿಳಿಯುವುದಾದರೂ ಹೇಗೆ?

"ಸಾರ್ ಯಾವ ಡಿಪಾರ್ಟ್‌ಮೆಂಟು?" ಎಂದು ಆಕೆ ಬೇಲಿಯಾಚೆಯಿಂದ ಕೇಳಿದಳು.

"ಸುಮ್ನೆ ನೋಡ್ತಿದೀನಮ್ಮ."

ಸುಮ್ಮನೆ ನೋಡುತ್ತಿದ್ದೇನೆ ಎನ್ನುವ ಅಧಿಕಾರಿಯಷ್ಟು ಭಯಂಕರ ಅಧಿಕಾರಿ ಇನ್ನೊಬ್ಬನಿಲ್ಲ. ಗೋವಿಂದಮ್ಮ ಬೇಲಿಗೆ ಇನ್ನಷ್ಟು ಹತ್ತಿರ ಬಂದಳು. "ನಮ್ಮ ಕೊಟ್ಟಿಗೆ ಹೋಗ್ತದಾ ಸಾರ್?"

"ಈಗಲೇ ಏನೂ ಹೇಳಕ್ಕಾಗಲ್ಲಮ್ಮ," ಎಂದರು ಆದಿನಾರಾಯಣರು. ಅದು ಶುದ್ಧ ಸತ್ಯ. ಆಕೆಯ ಕೊಟ್ಟಿಗೆಯ ವಿಷಯ ಅವರಿಗೆ ಆಗಲೂ ಗೊತ್ತಿರಲಿಲ್ಲ, ಮುಂದೆಯೂ ಗೊತ್ತಾಗುತ್ತಿರಲಿಲ್ಲ. ಆದರೆ ಅದು ತಾಲ್ಲೂಕು ಆಫೀಸಿನ ಪ್ರತಿಯೊಂದು ಕಿಟಕಿಯಿಂದಲೂ ಬರುವ ಮಾತೇ ಆದ್ದರಿಂದ, ಗೋವಿಂದಮ್ಮನಿಗೆ ಇದ್ದ ಅಲ್ಪಸ್ವಲ್ಪ ಅನುಮಾನವೂ ಹೋಯಿತು.

ಮುಂದಿನ ಸಲ ಹೋದಾಗ ಅವರಿಗೆ ಕೂರಲು ಕುರ್ಚಿ ಬಂದಿತ್ತು. ಅದರ ಮುಂದಿನ ಸಲ ಎಳನೀರು. ಜನ ಬರತೊಡಗಿದರು. ಇಲ್ಲಿ ಆಸ್ಪತ್ರೆ ಬರುತ್ತದೆಂದು ಒಬ್ಬರು, ಮೆಟ್ರೊ ಡಿಪೊ ಎಂದು ಇನ್ನೊಬ್ಬರು. ಪಕ್ಕದ ಬೀದಿಯ ಟೈಲರ್ ರಿಜ್ವಾನ್ ಮಾತ್ರ, "ನಂಗೆ ಪಕ್ಕಾ ಗೊತ್ತು, ನೆಲದ ಕೆಳಗೆ ಏನೋ ಸಿಕ್ಕಿದೆ. ಇಲ್ಲಾಂದ್ರೆ ಇಷ್ಟು ವಯಸ್ಸಾದೋರು ಮಂಡಿ ಊರಿ ಯಾಕೆ ನೋಡ್ತಾರೆ?" ಎಂದು ವಾದಿಸಿದ. ಎಲ್ಲರೂ ಬಂದು ಕೇಳುವರು. ಆದಿನಾರಾಯಣರು ಎಲ್ಲರಿಗೂ, "ನೋಡೋಣ" ಎನ್ನುವರು. ಸ್ಟೋರ್ಸಿನಲ್ಲಿ ಅದೇ ಮಾತಿಗೆ ಬೈಸಿಕೊಂಡಿದ್ದರು. ಇಲ್ಲಿ ಅದೇ ಮಾತಿಗೆ ಜನ ಕೈಮುಗಿಯುತ್ತಿದ್ದರು.

ಒಂದು ದಿನ ಅವರು ಎರಡು ಗೊನೆ ಎಳನೀರಿನೊಂದಿಗೆ ಮನೆಗೆ ಬಂದರು. ಯಮುನಾ ಗೊನೆಯನ್ನೂ ಗಂಡನನ್ನೂ ನೋಡಿ, "ಇದೇನ್ರೀ, ಚಿಟ್ಟೆ ಕೊಡ್ತಾ?" ಎಂದರು.

"ಅಲ್ಲಿ ಜನ ತುಂಬಾ ಒಳ್ಳೆಯವರು ಕಣೇ."

"ನಮ್ಮ ಬೀದಿಯವರೂ ಒಳ್ಳೆಯವರೇ. ಯಾವತ್ತಾದ್ರೂ ಒಂದು ನಿಂಬೆಹಣ್ಣು ಕೊಟ್ಟಿದಾರಾ? ನೀವು ಯಾರು ಅಂತ ಅವರಿಗೆ ಹೇಳಿದೀರಾ?"

"ಯಾರಾದ್ರೂ ಕೇಳಿದ್ರೆ ತಾನೇ ಹೇಳೋದು," ಎಂದರು ಆದಿನಾರಾಯಣರು. ಕೇಳಿದ್ದರು. ಇವರು ಹೇಳಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಒಂದೆರಡು ಗೊನೆ ಎಳನೀರಿಗೆ ಮುಗಿಯುತ್ತಿತ್ತು. ಆದರೆ ಜಗನ್ ಬಂದ. ಜಗನ್ ಆ ಭಾಗದ ಯುವ ಮುಖಂಡ. ಯಾವ ಪಕ್ಷ ಎಂದು ಯಾರೂ ಕೇಳಬಾರದು, ಅವನೇ ಇನ್ನೂ ತೀರ್ಮಾನಿಸಿರಲಿಲ್ಲ. ವಾರ್ಡ್ ಚುನಾವಣೆ ಇವತ್ತಲ್ಲ ನಾಳೆ ಬರುತ್ತದೆಂದು ಫ್ಲೆಕ್ಸಿಗೆ ಬೇಕಾದ ನಗುವನ್ನು ಮುಖದ ಮೇಲೇ ಇಟ್ಟುಕೊಂಡು ಓಡಾಡುತ್ತಿದ್ದ. ಬಂದವನೇ ಆದಿನಾರಾಯಣರ ತಲೆಯ ಮೇಲೆ ಕೊಡೆ ಹಿಡಿದ.

"ಸರ್, ನಿಮ್ಮ ಮೇಲಿನೋರು ಯಾರಾದ್ರೂ ಬರ್ತಾರಾ ಸರ್?"

ಇಲ್ಲಿ ಆದಿನಾರಾಯಣರಿಗೆ ಒಂದು ಅವಕಾಶವಿತ್ತು. ನನಗೆ ಮೇಲಿನವರೂ ಇಲ್ಲ ಕೆಳಗಿನವರೂ ಇಲ್ಲ, ನಾನು ಜೋಗುಪಾಳ್ಯದ ರಿಟೈರ್ಡ್ ಸ್ಟೋರ್ ಕೀಪರು ಎಂದುಬಿಡಬಹುದಿತ್ತು. ಬಾಯಿಯನ್ನೂ ತೆರೆದರು. ಆದರೆ ಕೊಡೆಯ ನೆರಳು ತಂಪಾಗಿತ್ತು. ಅದೂ ಅಲ್ಲದೆ ಹಿಂದಿನ ಸಂಜೆಯಷ್ಟೇ ಮಿಸ್ ಫೋನ್ ಮಾಡಿ, ಡಾಕ್ಟರು ಒಪ್ಪಿದ್ದಾರೆ, ದಸರೆಗೆ ಮುಂಚಿನ ಭಾನುವಾರ ಬರುತ್ತೇನೆ ಎಂದಿದ್ದರು. ಆ ಸಂತೋಷ ಹೊಟ್ಟೆಯಲ್ಲಿ ಉಳಿಯದೆ ಬಾಯಿಗೆ ಬಂತು.

"ಮೇಡಂ ಬರ್ತಿದಾರೆ ಕಣಪ್ಪ. ಭಾನುವಾರ."

"ಮೇಡಂ!" ಎಂದ ಜಗನ್, ಕೊಡೆಯನ್ನು ಇನ್ನೂ ನೆಟ್ಟಗೆ ಹಿಡಿದು. "ದೊಡ್ಡೋರಾ ಸರ್?"

"ಈ ಬಯಲಿನ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ ಮಾತು. ಎಲ್ಲರಿಗಿಂತ ತಿಳಿದೋರು."

"ಬಂದು ಏನ್ ನೋಡ್ತಾರೆ ಸರ್?"

"ನೆಲ ನೋಡ್ತಾರೆ. ಇಂಚಿಂಚೂ ನೋಡ್ತಾರೆ. ಅದಕ್ಕೇ ಕಣ್ಣಿನ ಆಪರೇಷನ್ ಮುಗಿಸ್ಕೊಂಡು ಬರ್ತಿದಾರೆ."

ಜಗನ್ ಗಂಭೀರನಾದ. ಕಣ್ಣು ಆಪರೇಷನ್ ಮಾಡಿಸಿಕೊಂಡು ನೆಲ ನೋಡಲು ಬರುವ ಅಧಿಕಾರಿಯ ಬಗ್ಗೆ ಅವನು ಇದುವರೆಗೆ ಕೇಳಿರಲಿಲ್ಲ. "ನೀವು ತಲೆ ಕೆಡಿಸ್ಕೋಬೇಡಿ ಸರ್. ಮೇಡಂ ಬರೋ ಹೊತ್ತಿಗೆ ಎಲ್ಲಾ ರೆಡಿ ಇರ್ತದೆ. ಅವರ ಕಣ್ಣಿಗೆ ಏನೂ ತೊಂದ್ರೆ ಆಗ್ದಂಗೆ ನಾನ್ ನೋಡ್ಕೋತೀನಿ."

"ತುಂಬಾ ಉಪಕಾರ ಆಯ್ತಪ್ಪ," ಎಂದರು ಆದಿನಾರಾಯಣರು. ಬಯಲಿನ ಅಂಚಿನಲ್ಲಿ ಯಾರೋ ಸುರಿದಿದ್ದ ಕಟ್ಟಡದ ತ್ಯಾಜ್ಯ, ಬಿಯರ್ ಬಾಟಲಿ, ಹರಿದ ಚೀಲ ಅವರ ಕಣ್ಣ ಮುಂದೆ ಬಂದು, ಅವೆಲ್ಲ ಹೋದರೆ ಮಿಸ್‌ಗೆ ನಡೆಯಲು ಎಷ್ಟು ಅನುಕೂಲ ಎಂದು ಎದೆ ತುಂಬಿ ಬಂತು.

ಶನಿವಾರ ಅವರು ಬಯಲಿಗೆ ಹೋಗಿ ನೋಡಬೇಕಿತ್ತು. ಹೋಗಲಿಲ್ಲ. ಮಿಸ್‌ನ ಹೊಸ ಕಣ್ಣಿಗೆ ಬಿಸಿಲು ಬೀಳಬಾರದೆಂದು ಸನಾವುಲ್ಲಾನ ಅಂಗಡಿಯಲ್ಲಿ ಅವರಿಗೂ ಅಂಥದೇ ಒಂದು ಟೋಪಿ ಹುಡುಕುತ್ತ ಕೂತಿದ್ದರು. ಹೆಂಗಸರ ಅಳತೆಯದು ಸಿಕ್ಕುವ ಹೊತ್ತಿಗೆ ಸಂಜೆಯಾಗಿತ್ತು. ಅದನ್ನು ಕವರಿನಲ್ಲಿ ಹಾಕಿಸಿಕೊಂಡು ಬಂದು, "ನಾಳೆ ನೀನೂ ಬಾರೇ. ನಿನ್ನ ಗಂಡ ಏನು ಕೆಲಸ ಮಾಡಿದಾನೆ ಅಂತ ನೋಡೀಯಂತೆ" ಎಂದು ಯಮುನಾರನ್ನು ಒಪ್ಪಿಸಿದರು.

ಭಾನುವಾರ ಬೆಳಿಗ್ಗೆ ಆಟೊ ತಿರುವಿನಲ್ಲಿ ತಿರುಗುತ್ತಿದ್ದಂತೆ ಯಮುನಾ, "ರೀ, ಯಾವುದೋ ಮದುವೆ ಇದೆ ಕಣ್ರೀ ಇಲ್ಲಿ" ಎಂದರು.

ಶಾಮಿಯಾನ ಎದ್ದಿತ್ತು. ಅದರ ಎರಡೂ ಬದಿಗೆ ಬಾಳೆಕಂಬ. ರಸ್ತೆಗೆ ಅಡ್ಡಲಾಗಿ ಕಟ್ಟಿದ್ದ ಫ್ಲೆಕ್ಸಿನಲ್ಲಿ ಆಳೆತ್ತರದ ಜಗನ್ ಕೈಮುಗಿದಿದ್ದ. ಅವನ ಭುಜದ ಮೇಲಿನ ಒಂದು ವೃತ್ತದಲ್ಲಿ ಖಾಕಿ ಟೋಪಿ ಹಾಕಿದ ಆದಿನಾರಾಯಣರು ನೆಲವನ್ನು ದಿಟ್ಟಿಸುತ್ತಿದ್ದರು. ಕೆಳಗೆ 'ಮಾನ್ಯ ಸಾಹೇಬರಿಗೂ ಮಾನ್ಯ ಮೇಡಂರವರಿಗೂ ಹಾರ್ದಿಕ ಸುಸ್ವಾಗತ.' ಅಂದಕ್ಕಿರಲೆಂದು ನಾಲ್ಕು ಮೂಲೆಗೂ ಒಂದೊಂದು ಬಣ್ಣದ ಚಿಟ್ಟೆ ಹಾಕಿಸಿದ್ದರು.

ಆದಿನಾರಾಯಣರು ಫ್ಲೆಕ್ಸ್ ನೋಡಲಿಲ್ಲ. ಅದರಾಚೆಗೆ ನೋಡಿದರು. ಬಯಲು ಅಂಗೈಯಷ್ಟು ನುಣ್ಣಗಿತ್ತು. ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ತುಂಬೆ ಇಲ್ಲ, ವಿಷ್ಣುಕ್ರಾಂತಿ ಇಲ್ಲ, ಎಕ್ಕದ ಸಾಲಿದ್ದ ಕಡೆ ಬಿಳಿ ಮಣ್ಣಿನ ಮೇಲೆ ಜೆಸಿಬಿಯ ಹಲ್ಲಿನ ಗುರುತು. ಧೂಳು ಏಳದಂತೆ ಟ್ಯಾಂಕರಿನಲ್ಲಿ ನೀರು ಹೊಡೆಸಿದ್ದರು. ಮೇಡಂ ನಡೆಯುವ ದಾರಿಗೆ ಎರಡೂ ಕಡೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದಿದ್ದರು. ಬಿಳಿ ನೆಲದ ಮೇಲೆ ಬಿಳಿ ಗೆರೆ ಕಾಣದೆ ಹೋದದ್ದರಿಂದ, ಅದರ ಮೇಲೆ ಕುಂಕುಮವನ್ನೂ ಸುರಿದಿದ್ದರು.

"ಹೆಂಗಿದೆ ಸರ್?" ಎಂದು ಜಗನ್ ಓಡಿಬಂದ. "ಒಂದು ಗಿಡ ಬಿಟ್ಟಿಲ್ಲ. ಮೇಡಂ ಇಲ್ಲಿ ನಿಂತ್ರೆ ಆ ತುದಿವರೆಗೂ ನೆಲ ಕಾಣ್ಬೇಕು, ಹಂಗ್ ಮಾಡ್ಸಿದೀನಿ. ಹಾವು ಹುಳ ಇರ್ತವೆ ಅಂತ ಔಷಧಿನೂ ಹೊಡೆಸ್ಬಿಟ್ಟೆ."

ಆದಿನಾರಾಯಣರ ಬಾಯಿಂದ ಗಾಳಿ ಮಾತ್ರ ಬಂತು. ಜಗನ್ ಅದನ್ನು ಮೆಚ್ಚುಗೆಯೆಂದು ತಿಳಿದು ಇನ್ನೊಂದು ಕಡೆ ಓಡಿದ. ಗೋವಿಂದಮ್ಮ ಬಂದು, "ನಾವೂ ಕೈ ಹಚ್ಚಿದ್ವಿ ಸಾರ್. ನಮ್ಮನೇರೆಲ್ಲಾ ರಾತ್ರಿವರೆಗೂ ಕುಡುಗೋಲು ಹಿಡ್ಕೊಂಡೇ ಇದ್ರು. ಕೊಟ್ಟಿಗೆ ವಿಷಯ ಒಂಚೂರು ಮೇಡಮ್ಮಂಗೆ ಹೇಳಿ" ಎಂದಳು. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಯಮುನಾ ಫ್ಲೆಕ್ಸನ್ನೂ ಬೋಳು ನೆಲವನ್ನೂ ಒಂದಾದ ಮೇಲೊಂದು ನೋಡಿದರು. ಅವರು ಬುದ್ಧಿವಂತೆ. ಕೊನೆಗೆ ಗಂಡನ ತಲೆಯ ಮೇಲಿನ ಟೋಪಿಯನ್ನು ನೋಡಿದರು. ಗಂಡನ ಪಾಲಿಗೆ ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಅಷ್ಟರಲ್ಲಿ ಮಿಸ್ ಬಂದರು. ಕಪ್ಪು ಕನ್ನಡಕ ಇನ್ನೂ ಇತ್ತು. ಅದನ್ನು ಬಯಲಿನಲ್ಲೇ ತೆಗೆಯುತ್ತೇನೆಂದು ಹಟ ಹಿಡಿದು, ಪಕ್ಕದ ಮನೆಯ ಮಾರಿಯಾಳ ಕೈ ಹಿಡಿದುಕೊಂಡು ಆಟೊದಿಂದ ಇಳಿದರು. ಇಳಿಯುವ ಮೊದಲೇ ತಮಟೆ ಶುರುವಾಯಿತು. ಅವರ ಕೊರಳಿಗೆ ಸೇವಂತಿಗೆ ಹಾರ ಬಿತ್ತು, ಅದರ ಮೇಲೆ ಇನ್ನೊಂದು ಹಾರ, ಹೆಗಲಿಗೆ ಶಾಲು, ತಲೆಗೆ ಮೈಸೂರು ಪೇಟ, ಕೈಗೆ ಸೇಬು ದ್ರಾಕ್ಷಿಯ ಬುಟ್ಟಿ.

"ಅರೆ, ಇದೇನು? ಯಾರದ್ದಾದರೂ ನಿಕಾಹ್‌ಗೆ ಬಂದ್ವಾ ನಾವು?" ಎಂದು ಮಿಸ್ ನಗುತ್ತಲೇ ಕೇಳಿದರು. "ಆದಿನಾರಾಯಣ್ ಅವರು ಎಲ್ಲಿ?"

ಆದಿನಾರಾಯಣರು ಹತ್ತಿರ ಬಂದರು. ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ತಮಟೆಯ ಸದ್ದಿಗೆ ಚೆಲ್ಲಾಪಿಲ್ಲಿಯಾಯಿತು. ಮಿಸ್ ಬುಟ್ಟಿಯನ್ನು ಮಾರಿಯಾಳ ಕೈಗಿತ್ತು, ಎರಡೂ ಕೈಯಿಂದ ಮೆಲ್ಲಗೆ ಕನ್ನಡಕ ತೆಗೆದರು.

ತಮಟೆ ನಿಂತಿತು. ಮಿಸ್ ನೋಡಿದರು. ಆ ತುದಿಯವರೆಗೂ ನೋಡಿದರು. ಜಗನ್ ಹೇಳಿದ್ದು ನಿಜ, ಅಲ್ಲಿ ನಿಂತರೆ ಎಲ್ಲ ಕಾಣುತ್ತಿತ್ತು.

"ಯಾರು ಮಾಡ್ಸಿದ್ದು ಇದು?" ಎಂದರು, ಬಹಳ ಮೆಲ್ಲಗೆ.

"ಎಲ್ಲಾ ಸಾಹೇಬರೇ ಮೇಡಂ!" ಎಂದು ಜಗನ್ ಮುಂದೆ ಬಂದ. "ಮೇಡಂ ಬರ್ತಾರೆ, ಇಂಚಿಂಚೂ ನೋಡ್ತಾರೆ ಅಂತ ಸಾಹೇಬರು ಹೇಳಿದ್ರು. ನಾವು ನೆಪಕ್ಕೆ ಮೇಡಂ, ಕ್ರೆಡಿಟ್ ಎಲ್ಲಾ ಅವ್ರಿಗೇ ಹೋಗ್ಬೇಕು!"

ಶಾಮಿಯಾನದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಗೋವಿಂದಮ್ಮ ಬೊಬ್ಬೆಯ ಕೈಯಲ್ಲೂ ಜೋರಾಗಿ ತಟ್ಟಿದಳು. ಆದಿನಾರಾಯಣರಿಗೂ ಒಂದು ಹಾರ ಬಿತ್ತು. ತಲೆಯ ಮೇಲೆ ಟೋಪಿ ಇದ್ದುದರಿಂದ ಪೇಟವನ್ನು ಅದರ ಮೇಲೇ ಇಟ್ಟರು.

ಮಿಸ್ ಅವರನ್ನು ನೋಡಿದರು. ಅಷ್ಟು ಹತ್ತಿರದಿಂದ ಅವರ ಮುಖವನ್ನು ಸ್ಪಷ್ಟವಾಗಿ ಕಂಡದ್ದು ಮಿಸ್‌ಗೆ ಅದೇ ಮೊದಲಿರಬೇಕು. "ಡಾಕ್ಟರ್ ಚೆನ್ನಾಗಿ ಮಾಡಿದಾರೆ ಆದಿನಾರಾಯಣ್ ಅವರೇ," ಎಂದರು. "ಎಲ್ಲಾ ಕಾಣ್ತದೆ."

ಸಿಟ್ಟು ಮಾಡಿಕೊಂಡಿದ್ದರೆ ತಡೆದುಕೊಳ್ಳಬಹುದಿತ್ತು. ಶಾಲೆಯಲ್ಲಿ ಮಕ್ಕಳಿಗೆ ಹಾಕುತ್ತಿದ್ದಂತೆ ಎಲ್ಲರೆದುರು ಒಂದು ಗದರಿಕೆ ಹಾಕಿದ್ದರೂ ಸಾಕಿತ್ತು. ಅವರು ಹಾಗೇನೂ ಮಾಡಲಿಲ್ಲ. ಪೇಟ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ತಮ್ಮ ಕಾಲ ಬಳಿಯ ಒದ್ದೆ ಬಿಳಿ ನೆಲದತ್ತ ಬಗ್ಗಿದರು. ಒಂದಿಷ್ಟು ಹೊತ್ತು ನೋಡಿದರು. ಇಲ್ಲೆಲ್ಲೋ ಒಂದು ಉಳಿದಿರಬಹುದು, ತಮ್ಮ ಕಣ್ಣೇ ಇನ್ನೂ ಪಳಗಿಲ್ಲವೇನೋ ಎಂಬಂತೆ, ಹಳೆಯ ಅಭ್ಯಾಸದಿಂದ ಪಕ್ಕಕ್ಕೆ ತಿರುಗಿ ಕೇಳಿದರು.

"ಇದೆಯಾ?"

ಆದಿನಾರಾಯಣರು ಹಾರದ ಸಮೇತ ಅವರ ಪಕ್ಕದಲ್ಲಿ ಮೊಣಕಾಲೂರಿದರು. ದುರ್ಬೀನು ಮುಟ್ಟಲಿಲ್ಲ. ನೆಲವನ್ನು ನೋಡಿದರು, ನಾಲ್ಕು ಹೆಜ್ಜೆ ಆಚೆ ನೋಡಿದರು, ಪೂರ್ವದ ಅಂಚಿನತ್ತ ನೋಡಿದರು. ನೋಡೋಣ ಎಂದು ಅವರು ಹೇಳಬಹುದಿತ್ತು. ಮುಂದಿನ ಮಳೆಗೆ ಬರುತ್ತದೆ ಎನ್ನಬಹುದಿತ್ತು. ಪೇಟವನ್ನೂ ಅದರ ಕೆಳಗಿನ ಟೋಪಿಯನ್ನೂ ತೆಗೆದು ನೆಲದ ಮೇಲಿಟ್ಟರು. ಮಿಸ್‌ಗೆಂದು ತಂದಿದ್ದ ಇನ್ನೊಂದು ಟೋಪಿಯ ಕವರು ಕಂಕುಳಲ್ಲೇ ಇತ್ತು.

"ಇಲ್ಲ ಮಿಸ್," ಎಂದರು.

ಯಮುನಾ ತಲೆಯೆತ್ತಿ ಗಂಡನ ಕಡೆ ನೋಡಿದರು. ತುಪ್ಪದ ದೀಪದ ಮಾತು ಅವರಿಗೆ ನೆನಪಾದಂತೆ ಕಾಣಲಿಲ್ಲ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು.

ಸಾಹೇಬರೂ ಮೇಡಂ ಅವರೂ ನೆಲದ ಮೇಲೆ ಕೂತು ಏನನ್ನೋ ಹುಡುಕುತ್ತಿರುವುದನ್ನು ಕಂಡು ಜಗನ್‌ಗೆ ಜೀವ ಹೋದಂತಾಯಿತು. ಮೇಡಂ ಕಣ್ಣಲ್ಲಿ ನೀರು ಬೇರೆ. ಅವನು ಓಡಿಬಂದು ಆದಿನಾರಾಯಣರ ಕಿವಿಯ ಹತ್ತಿರ ಬಗ್ಗಿದ.

"ಏನ್ ಇಲ್ಲ ಸರ್? ಏನ್ ಇಲ್ಲ ಅಂತ ಒಂದ್ ಮಾತ್ ಹೇಳಿ, ಹತ್ತೇ ನಿಮಿಷ, ತರಿಸ್ಬಿಡ್ತೀನಿ."